ಗೆರೆಯಕ್ಕ ಮತ್ತು ಏಳನೇ ಹಾಳೆ

ಗೆರೆಯಕ್ಕನಿಗೆ ಕೋಪ ಬರುವುದಕ್ಕೆ ಒಂದು ಹೊತ್ತಿತ್ತು. ಬೆಳಿಗ್ಗೆ ಹತ್ತೂಕಾಲು. ಜಾಹೀರಾತು ಕಚೇರಿಯ ಹಿಂಭಾಗದಲ್ಲಿ, ಪಾಯಖಾನೆಯ ಗೋಡೆಗೆ ಒತ್ತಿ ಹಾಕಿದ್ದ ಮೇಜಿನ ಮುಂದೆ ಅವಳು ಕನ್ನಡಕ ಒರೆಸಿಕೊಳ್ಳುತ್ತ ಕಂಪ್ಯೂಟರ್ ಏಳುವುದನ್ನು ಕಾಯುತ್ತಿರುವಾಗ, ಕಿಟಕಿ ಪಕ್ಕದ ಮೇಜುಗಳಿಂದ ಯಾರಾದರೊಬ್ಬ ಡಿಗ್ರಿವಂತ ಎದ್ದು ಬಂದು, "ಅಕ್ಕಾ, ಇದನ್ನ ಸ್ವಲ್ಪ ನೋಡಿ" ಅನ್ನುತ್ತಿದ್ದ. ಆ 'ಸ್ವಲ್ಪ'ದ ಅಳತೆ ಅವಳಿಗೆ ಇಪ್ಪತ್ತೆರಡು ವರ್ಷದಿಂದ ಗೊತ್ತು. ಸಾಲು ವಾಲಿರುತ್ತದೆ, ಒಂದು ಅಕ್ಷರ ಇನ್ನೊಂದರ ಮೈಮೇಲೆ ಬಿದ್ದಿರುತ್ತದೆ, ಮೂರು ಬಗೆಯ ಅಕ್ಷರಗಳು ಒಂದೇ ಹಾಳೆಯಲ್ಲಿ ಜಗಳವಾಡುತ್ತಿರುತ್ತವೆ. ಸಂಜೆಯೊಳಗೆ ಅವಳು ಅದನ್ನು ಬುಡದಿಂದ ಕಟ್ಟಿ ಕೊಡಬೇಕು. ನೋಡುವುದಂತೆ, ಅದೂ ಸ್ವಲ್ಪ.

ಹತ್ತೊಂಬತ್ತನೇ ವಯಸ್ಸಿಗೆ ಅವಳು ಆ ಕಚೇರಿ ಸೇರಿದಾಗ ಕಂಪ್ಯೂಟರ್ ಇರಲಿಲ್ಲ. ಅಕ್ಷರಗಳನ್ನು ಬ್ಲೇಡಿನಲ್ಲಿ ಕತ್ತರಿಸಿ ಅಂಟಿನಲ್ಲಿ ಕೂರಿಸುತ್ತಿದ್ದ ಕಾಲ. ಸಾಲು ಕೂದಲೆಳೆಯಷ್ಟು ಓರೆಯಾದರೂ ಅವಳ ಕಣ್ಣಿಗೆ ಕಸ ಬಿದ್ದ ಹಾಗಾಗುತ್ತಿತ್ತು. ಕೈ ತಾನಾಗಿಯೇ ಹೋಗಿ ಸರಿ ಮಾಡುತ್ತಿತ್ತು. ಗೆರೆಯಕ್ಕ ಎಂಬ ಹೆಸರು ಆಗ ಬಂದದ್ದು. ಆಮೇಲೆ ಕಂಪ್ಯೂಟರ್ ಬಂತು, ಅದನ್ನೂ ಕಲಿತಳು. ಅವಳ ತಲೆಯ ಮೇಲೆ ನಾಲ್ಕು ಜನ ಮುಖ್ಯಸ್ಥರು ಬಂದು ಹೋದರು. ನಾಲ್ವರಿಗೂ ಕೆಲಸ ಕಲಿಸಿದವಳು ಅವಳೇ. ಆದರೂ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ 'ಸಹಾಯಕಿ' ಎಂದಿದ್ದದ್ದು ಹಾಗೇ ಉಳಿಯಿತು. ಏಕೆಂದರೆ ಹನ್ನೆರಡನೇ ತರಗತಿಯ ಆಚೆ ಅವಳು ಓದಿರಲಿಲ್ಲ.

ಆ ನಾಲ್ವರಲ್ಲಿ ಮೂರು ಜನರನ್ನು ಅವಳು ಎಂದೋ ಮರೆತಿದ್ದಳು. ಒಬ್ಬನನ್ನು ಮಾತ್ರ ಮರೆಯಲು ಆಗಿರಲಿಲ್ಲ. ಅವನಿಗೆ ಅವಳು ಇಟ್ಟ ಹೆಸರು ಐಡಿಯಾ ಸಾಹೇಬ. ಜಾಹೀರಾತು ವಿನ್ಯಾಸದಲ್ಲಿ ಡಿಗ್ರಿ ಮಾಡಿಕೊಂಡು ಬಂದವನಿಗೆ ಎರಡು ಅಕ್ಷರವನ್ನು ಅಕ್ಕಪಕ್ಕ ನೆಟ್ಟಗೆ ಕೂರಿಸಲು ಬರುತ್ತಿರಲಿಲ್ಲ. ಮಾತಿನಲ್ಲಿ ಮಾತ್ರ ಎತ್ತಿದ ಕೈ. ಒಮ್ಮೆ ಒಂದು ಕೊಡೆ ಕಂಪನಿಯ ಜಾಹೀರಾತಿಗೆಂದು ಬಸ್ ಟಿಕೆಟ್ಟಿನ ಹಿಂದೆ 'ಮಳೆ ಬರಲಿ ಬಿಡಿ' ಎಂದು ಗೀಚಿ ತಂದು ಅವಳ ಮೇಜಿನ ಮೇಲೆ ಹಾಕಿದ. ಅವಳು ಮೂರು ದಿನ ಕೂತು ಆ ಏಳಕ್ಷರವನ್ನು ಕೈಯಲ್ಲಿ ಬರೆದಳು. ಒಂದೊಂದು ಅಕ್ಷರವೂ ನೆನೆಯುತ್ತ ನಿಂತು ಆರಾಮಾಗಿರುವವರ ಹಾಗೆ ಕಾಣಬೇಕೆಂದು 'ಳೆ' ಒಂದನ್ನೇ ಆರು ಸಲ ತಿದ್ದಿದಳು. ಆ ಜಾಹೀರಾತಿಗೆ ದೊಡ್ಡ ಪ್ರಶಸ್ತಿ ಬಂತು. ವೇದಿಕೆಯ ಮೇಲೆ ನಿಂತು ಸಾಹೇಬ ತನ್ನ ಮೇಷ್ಟ್ರಿಗೆ, ತಂದೆತಾಯಿಗೆ, ಕೊನೆಗೆ ತಮಾಷೆಗೆಂದು ಮಳೆಗೂ ಕೃತಜ್ಞತೆ ಹೇಳಿದ. ಬರೆದವಳ ಹೆಸರು ಅವನ ನಾಲಿಗೆ ತುದಿಗೂ ಬರಲಿಲ್ಲ. ಮರುದಿನ ಅವಳು ಕೇಳಿಯೇ ಬಿಟ್ಟಳು. ಅವನು ನಕ್ಕು, "ಐಡಿಯಾ ನನ್ನದಲ್ವಾ ಅಕ್ಕಾ, ಉಳಿದಿದ್ದು ಕೈಕೆಲಸ" ಎಂದ. ಅದೇ ಪ್ರಶಸ್ತಿ ಹಿಡಿದುಕೊಂಡು ಹೋಗಿ ನಗರದ ದೊಡ್ಡ ಕಲಾ ಕಾಲೇಜಿನಲ್ಲಿ ಜಾಹೀರಾತು ವಿನ್ಯಾಸ ವಿಭಾಗಕ್ಕೆ ಮುಖ್ಯಸ್ಥನಾದ.

ಈಗ ಅವಳ ಮಗಳು ಹನ್ನೆರಡನೇ ತರಗತಿ ಮುಗಿಸಿ ಅದೇ ಕಾಲೇಜಿನ ಅರ್ಜಿ ತಂದು, ಅದೇ ವಿಷಯ ಬೇಕು ಎಂದಾಗ ಅವಳ ಪಿತ್ತ ನೆತ್ತಿಗೇರಿದ್ದರಲ್ಲಿ ಆಶ್ಚರ್ಯವೇನು?

ಗೆರೆಯಕ್ಕ ಆಗ ತಾನೇ ಕೆಲಸದಿಂದ ಬಂದು ಹಜಾರದ ಕುರ್ಚಿಯಲ್ಲಿ ಕೂತಿದ್ದಳು. ಅಗಲ ಪ್ಲಾಸ್ಟಿಕ್ ಪಟ್ಟಿ ಹೆಣೆದ ಹಳೇ ಕುರ್ಚಿ ಅದು. ನಡುವೆ ಜೋತುಬಿದ್ದಿತ್ತು. ಹೊಸದಾಗಿ ಹೆಣೆಸೋಣ ಎಂದು ಗಂಡ ಎಷ್ಟು ಸಲ ಹೇಳಿದರೂ, "ನನ್ನ ಅಳತೆಗೆ ಬಂದಿದೆ, ಮುಟ್ಟಬೇಡಿ" ಎನ್ನುತ್ತಿದ್ದಳು. ಮನೆಗೆ ಬಂದ ಮೇಲಿನ ಮೊದಲ ಕಾಲು ಗಂಟೆ ಅವಳನ್ನು ಆ ಕುರ್ಚಿಯಿಂದ ಯಾರೂ ಏಳಿಸುತ್ತಿರಲಿಲ್ಲ. ಅವತ್ತು ಅವಳೇ ಎದ್ದು ನಿಂತಳು.

"ವಿನ್ಯಾಸ ಬೇಡ. ಅಲ್ಲೇ ಮಾರ್ಕೆಟಿಂಗೂ ಇದೆಯಲ್ಲ, ಅದನ್ನ ತಗೋ."

"ನನಗೆ ಮಾರೋದು ಬರಲ್ಲಮ್ಮ."

"ಬರದೇ ಇರೋದನ್ನ ಕಲಿಸೋಕೇ ಕಾಲೇಜು ಇರೋದು. ನಮ್ಮ ಆಫೀಸಲ್ಲಿ ಮಾತಾಡೋರು ಕಿಟಕಿ ಪಕ್ಕ ಕೂರ್ತಾರೆ. ಗೆರೆ ಎಳೆಯೋರು ಎಲ್ಲಿ ಕೂರ್ತಾರೆ, ಹೇಳು."

"ಪಾಯಖಾನೆ ಗೋಡೆ ಪಕ್ಕ. ಹುಟ್ಟಿದಾಗಿಂದ ಕೇಳ್ತಾ ಇದೀನಿ."

"ಕೇಳಿದ್ರೆ ಸಾಲದು, ತಲೆಗೆ ಹೋಗ್ಬೇಕು."

"ಅಮ್ಮ, ನಿನಗೆ ಡಿಗ್ರಿ ಇರಲಿಲ್ಲ. ಅದಕ್ಕೆ ಅಲ್ಲಿ ಕೂರಿಸಿದ್ರು. ನನಗೆ ಇರುತ್ತೆ."

ಮಾತು ನಿಜವಾಗಿತ್ತು. ಅದಕ್ಕೇ ಮೈ ಉರಿಯಿತು. "ಯಾರ ಹತ್ರ ಕಲಿತು ಬರೋ ಡಿಗ್ರಿ? ನನ್ನ ಅಕ್ಷರ ತೋರಿಸ್ಕೊಂಡು ಹೆಸರು ಮಾಡಿದವನ ಹತ್ರಾನಾ? ಅವನ ಮುಂದೆ ನನ್ನ ಮಗಳು ಕೈಕಟ್ಟಿ ನಿಂತ್ಕೋಬೇಕಾ?"

"ನಾನು ಅವರ ಹತ್ರ ಕಲಿಯೋಕೆ ಹೋಗ್ತಿಲ್ಲ. ಅಕ್ಷರ ಕಲಿಯೋಕೆ ಹೋಗ್ತಿದೀನಿ."

"ಅಕ್ಷರ ಮನೇಲೇ ಇದೆ. ಯಾವತ್ತಾದ್ರೂ ಕೇಳಿದ್ಯಾ?"

"ಕೇಳಿದೀನಿ. ನೀನು ಹೇಳಿಕೊಡಲ್ಲ ಅಮ್ಮ. ಕೈಯಿಂದ ಕಿತ್ಕೊಂಡು ನೀನೇ ಮಾಡಿಬಿಡ್ತೀಯ."

ಗಂಡ ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವವನು. ಮೆತ್ತಗಿನ ಮನುಷ್ಯ. "ಎರಡು ಕಣ್ಣಿಗೂ ಒಂದೇ ನಂಬರು" ಎಂದು ಇಬ್ಬರ ಮುಖವನ್ನೂ ನೋಡಿ ಹೇಳಿದ. ಯಾರೂ ನಗದಿದ್ದಾಗ ಪತ್ರಿಕೆ ಮುಖಕ್ಕೆ ಹಿಡಿದುಕೊಂಡ.

ಅರ್ಜಿಯಲ್ಲಿ ಎರಡು ಆಯ್ಕೆ ಬರೆಯಬೇಕಿತ್ತು. ಮಗಳು ಅಮ್ಮನ ಎದುರಿಗೇ ಕೂತು ಮೊದಲ ಆಯ್ಕೆಯ ಜಾಗದಲ್ಲಿ ಜಾಹೀರಾತು ವಿನ್ಯಾಸ ಎಂದು ಬರೆದಳು. ಎರಡನೆಯದರಲ್ಲಿ ಮಾರ್ಕೆಟಿಂಗ್ ಎಂದು ಬರೆದು, "ಇದು ನಿನಗೆ" ಎಂದಳು. ಅಲ್ಲಿಂದ ಎಂಟು ದಿನ ಇಬ್ಬರ ಬಾಯಿಗೂ ಬೀಗ. ಊಟಕ್ಕೆ ಕೂತರೆ, "ಅಪ್ಪ, ಉಪ್ಪು ಕಮ್ಮಿ ಅಂತ ಅಮ್ಮನಿಗೆ ಹೇಳಿ." "ರೀ, ಡಬ್ಬಿ ಮೇಜಿನ ಮೇಲೇ ಇದೆ ಅಂತ ನಿಮ್ಮ ಮಗಳಿಗೆ ಹೇಳಿ." ಅವನು ಪಾಪ ಎರಡೂ ಕಡೆಗೆ ತಿರುಗಿ ತಿರುಗಿ ಕುತ್ತಿಗೆ ನೋಯಿಸಿಕೊಂಡ.

ಸಂದರ್ಶನಕ್ಕೆ ಹತ್ತು ಹಾಳೆ ಒಯ್ಯಬೇಕು. ಮನೆಯಲ್ಲಿರುವ ಹತ್ತು ಸಾಮಾನುಗಳಿಗೆ ಹತ್ತು ಜಾಹೀರಾತು, ಅಕ್ಷರಗಳಿಂದಲೇ ಮಾಡಿದ್ದು, ಎಲ್ಲವೂ ಸ್ವಂತ ಕೈಯದು. ಮಗಳು ಕಂಪ್ಯೂಟರ್ ಮುಟ್ಟದೆ, ಅಮ್ಮನ ಹಳೇ ಕಾಲದ ರೀತಿಯಲ್ಲೇ, ಕಪ್ಪು ಕಾಗದದಲ್ಲಿ ಅಕ್ಷರ ಕತ್ತರಿಸಿ ಬಿಳಿ ಹಾಳೆಗೆ ಅಂಟಿಸುತ್ತಿದ್ದಳು. ಬಾಗಿಲು ಹಾಕಿಕೊಂಡು ಮಾಡುತ್ತಿದ್ದಳು. ಬ್ಲೇಡಿನ ಸದ್ದು ಮಾತ್ರ ಹೊರಗೆ ಕೇಳುತ್ತಿತ್ತು.

ಭಾನುವಾರ ಮಧ್ಯಾಹ್ನ ಮಗಳು ಫೋಟೋ ತೆಗೆಸಿಕೊಂಡು ಬರಲು ಹೋದಳು. ಹಾಳೆಗಳ ಫೈಲು ಮೇಜಿನ ಮೇಲಿತ್ತು. ಗೆರೆಯಕ್ಕ ಅದನ್ನು ತೆರೆದದ್ದು ಒಳ್ಳೆಯ ಉದ್ದೇಶದಿಂದಲ್ಲ, ಸುಳ್ಳು ಯಾಕೆ ಹೇಳಬೇಕು. ನಾಲ್ಕು ತಪ್ಪು ಹುಡುಕಿ, ಇದಾ ನಿನ್ನ ವಿನ್ಯಾಸ ಎಂದು ಮುಖಕ್ಕೆ ಹೇಳುವ ಆಸೆ ಅವಳಿಗಿತ್ತು. ಒಂದು, ಎರಡು, ಮೂರು ಹಾಳೆ ತಿರುವಿದಳು. ಚೆನ್ನಾಗಿದ್ದವು. ಆಫೀಸಿನ ಡಿಗ್ರಿವಂತರೆಲ್ಲ ಸೇರಿದರೂ ಇಷ್ಟು ಚೆನ್ನಾಗಿ ಮಾಡಲಾರರು. ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಇಷ್ಟು ಒಳ್ಳೆಯ ಕೈಯನ್ನು ಕೊಂಡೊಯ್ದು ಅವನ ಕೈಗೆ ಕೊಡುವುದೇ?

ಏಳನೇ ಹಾಳೆಯ ಹತ್ತಿರ ನಿಂತಳು. ಕುರ್ಚಿಯ ಜಾಹೀರಾತು ಎಂದು ಮೂಲೆಯಲ್ಲಿ ಸಣ್ಣದಾಗಿ ಬರೆದಿತ್ತು. ಕುರ್ಚಿಯ ಚಿತ್ರವೇ ಇಲ್ಲ. ಬಿಳಿ ಹಾಳೆಯ ನಡುವೆ ಒಂದೇ ಸಾಲು: 'ಇವತ್ತಿಗೆ ಸಾಕು, ಕೂತುಕೋ.' ಆ ಸಾಲಾದರೂ ನೆಟ್ಟಗಿದೆಯೇ? ಎರಡೂ ತುದಿ ಮೇಲೆ, ನಡುವೆ ತಗ್ಗು. 'ಸಾಕು' ಎಂಬಲ್ಲಿ ಅಕ್ಷರಗಳು ಒಂದು ಬೆರಳಿನಷ್ಟು ಕೆಳಗಿಳಿದಿದ್ದವು. ಅಂಟು ಒಣಗುವ ಮೊದಲು ಜಾರಿರಬೇಕು, ನೋಡಿಕೊಂಡಿಲ್ಲ ಹುಡುಗಿ. ಇದನ್ನು ಒಯ್ದು ಆ ಸಾಹೇಬನ ಮುಂದೆ ಹಿಡಿದರೆ? 'ಗೆರೆಯಕ್ಕನ ಮಗಳಿಗೆ ಒಂದು ಸಾಲು ನೇರ ಬರಲಿಲ್ಲ' ಎಂದು ಅವನು ಒಳಗೊಳಗೇ ನಗುವುದಿಲ್ಲವೇ?

ಅವಳ ಕೈ ತುರಿಸಿತು. ಡಬ್ಬಿಯಿಂದ ಹಳೇ ಬ್ಲೇಡು ತೆಗೆದಳು. ಒಂಬತ್ತು ಅಕ್ಷರಗಳನ್ನೂ ಅಂಚು ಹರಿಯದಂತೆ ಎಬ್ಬಿಸಿ, ಅಡಿಯ ಅಂಟು ಬೆರಳಲ್ಲಿ ಉಜ್ಜಿ ತೆಗೆದು, ಅಳತೆಪಟ್ಟಿ ಇಟ್ಟು ನೂಲು ಹಿಡಿದ ಹಾಗೆ ಸಾಲು ಕೂರಿಸಿದಳು. ಅಷ್ಟಕ್ಕೇ ಬಿಟ್ಟಳೇ? ಎರಡನೇ ಹಾಳೆಯಲ್ಲಿ ಅಕ್ಷರಗಳ ನಡುವಿನ ಜಾಗ ತಿದ್ದಿದಳು. ಐದನೆಯದರಲ್ಲಿ, ಒಂಬತ್ತನೆಯದರಲ್ಲಿ ಅಂಚು ನುಣುಪು ಮಾಡಿದಳು. ಫೈಲು ಇದ್ದ ಹಾಗೇ ಕಟ್ಟಿಟ್ಟು ಕೈ ತೊಳೆದುಕೊಂಡಾಗ ಎಂಟು ದಿನದಲ್ಲಿ ಮೊದಲ ಸಲ ಅವಳ ಎದೆ ಹಗುರಾಗಿತ್ತು. ಬಾಯಿ ಬಿಟ್ಟು ಹೇಳಲಾಗದ ರಾಜಿಯನ್ನು ಕೈಯಲ್ಲಿ ಮಾಡಿಕೊಂಡೆ ಎಂದುಕೊಂಡಳು.

ಸಂದರ್ಶನದ ದಿನ ಅರ್ಧ ದಿನ ರಜೆ ಹಾಕಿ ಮಗಳ ಹಿಂದೆಯೇ ಹೋದಳು. ಮಗಳು ಬಾ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಕಾಲೇಜಿನ ಉದ್ದನೆಯ ಪಡಸಾಲೆಯಲ್ಲಿ ಕಾಲಿಟ್ಟರೆ ಎದುರಿಗೇ ಗೋಡೆಯ ಮೇಲೆ, ಗಾಜಿನ ಚೌಕಟ್ಟಿನಲ್ಲಿ, ಆಳೆತ್ತರಕ್ಕೆ 'ಮಳೆ ಬರಲಿ ಬಿಡಿ'. ಕೆಳಗೆ ಹಿತ್ತಾಳೆ ತಗಡಿನಲ್ಲಿ ಒಂದು ಹೆಸರು. ಒಂದೇ ಒಂದು. ಗೆರೆಯಕ್ಕ ಆ 'ಳೆ'ಯ ಬಾಲವನ್ನು ನೋಡುತ್ತ ನಿಂತಳು. ಆರನೇ ಸಲಕ್ಕೆ ಸರಿಬಂದ ಬಾಲ ಅದು. ಹೋಗಿ ಬರುವ ಮಕ್ಕಳು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಒಬ್ಬಳು, "ಆಂಟಿ, ಸ್ವಲ್ಪ ಪಕ್ಕಕ್ಕೆ ಬರ್ತೀರಾ" ಎಂದಳು. ಗೆರೆಯಕ್ಕ ಪಕ್ಕಕ್ಕೆ ಸರಿದಳು.

ಸಂದರ್ಶನದ ಕೋಣೆಯ ಬಾಗಿಲಿಗೆ ಚಿಲಕ ಸರಿಯಿರಲಿಲ್ಲ, ಕಾಗದ ಮಡಚಿ ಸಿಕ್ಕಿಸಿ ತೆರೆದೇ ಇಟ್ಟಿದ್ದರು. ಹೊರಗಿನ ಬೆಂಚಿನಲ್ಲಿ ಕೂತವರಿಗೆ ಒಳಗಿನದೆಲ್ಲ ಕಾಣುತ್ತಿತ್ತು, ಕೇಳುತ್ತಿತ್ತು. ಮೇಜಿನ ಹಿಂದೆ ಇಬ್ಬರು. ಒಬ್ಬ ಐಡಿಯಾ ಸಾಹೇಬ, ಹೊಟ್ಟೆ ಬಂದಿತ್ತು. ಇನ್ನೊಬ್ಬರು ಬೇರೆ ಕಾಲೇಜಿನಿಂದ ಬಂದ ಬಿಳಿಗೂದಲಿನ ಪರೀಕ್ಷಕಿ. ಮಗಳು ಹಾಳೆಗಳನ್ನು ಒಂದೊಂದಾಗಿ ಹರಡಿದಳು. ಏಳನೆಯದನ್ನು ತೆಗೆದವಳು ಅದನ್ನು ಕೆಳಗಿಡಲೇ ಇಲ್ಲ. ಕೈಯಲ್ಲಿ ಹಿಡಿದು ನೋಡುತ್ತ ನಿಂತುಬಿಟ್ಟಳು.

ಸಾಹೇಬ ಅದನ್ನು ತೆಗೆದುಕೊಂಡ. "ಕುರ್ಚಿ ಜಾಹೀರಾತು ಅಂತಿದೆ. ಒಂದು ಸಾಲು ಅಂಟಿಸಿದ್ದೀಯ ಅಷ್ಟೇ. ಇದರಲ್ಲಿ ಐಡಿಯಾ ಎಲ್ಲಿದೆ?"

ಮಗಳು ಉಳಿದ ಮೂರು ಹಾಳೆಗಳನ್ನೂ ಮೇಜಿನ ಮೇಲಿಟ್ಟಳು.

ಅವನು ಹಾಳೆಯನ್ನು ಬೆಳಕಿಗೆ ಹಿಡಿದ. ಎರಡನೆಯದನ್ನು, ಐದನೆಯದನ್ನು, ಒಂಬತ್ತನೆಯದನ್ನು ಬೇರೆ ತೆಗೆದಿಟ್ಟ. ಗುರುತು ಹಿಡಿಯುವುದರಲ್ಲಿ ಮಹಾರಾಯ ತಪ್ಪಲಿಲ್ಲ, ವರ್ಷಗಟ್ಟಲೆ ಆ ಕೈಯ ಅನ್ನ ಉಂಡವನಲ್ಲವೇ. "ಈ ನಾಲ್ಕೂ ವಿದ್ಯಾರ್ಥಿಯ ಕೈಯಲ್ಲ. ಯಾರೋ ತಿದ್ದಿದ್ದಾರೆ. ಯಾರು?"

ಮಗಳು ಬಾಗಿಲ ಕಡೆ ತಿರುಗಿ ನೋಡಿದಳು. ಬೈಗುಳ ತುಂಬಿದ ನೋಟವಾಗಿದ್ದರೆ ಗೆರೆಯಕ್ಕ ತಡೆದುಕೊಳ್ಳುತ್ತಿದ್ದಳೇನೋ. ಅದು ಮನೆಯಲ್ಲಿ ಕಳ್ಳತನವಾದವರ ನೋಟವಾಗಿತ್ತು. ಅವಳು ಎದ್ದು ಒಳಗೆ ಹೋದಳು.

"ನಾನು ತಿದ್ದಿದ್ದು. ಇವಳಿಗೆ ಗೊತ್ತಿಲ್ಲ."

ಸಾಹೇಬನ ಮುಖದ ಬಣ್ಣ ಒಂದು ಗಳಿಗೆ ಹೋಗಿ ಬಂತು. "ಅಕ್ಕಾ, ನೀವಾ? ಎಷ್ಟು ವರ್ಷ ಆಯ್ತು. ನಿಮ್ಮ ಮಗಳು ಅಂತ ಗೊತ್ತಿರಲಿಲ್ಲ. ಆದ್ರೆ ನಿಯಮ ನಿಯಮಾನೇ ನೋಡಿ. ಬೇರೆ ಕೈ ತಾಗಿದ ಹಾಳೆಗೆ ಅಂಕ ಕೊಡೋ ಹಾಗಿಲ್ಲ."

"ಬೇರೆ ಕೈ ತಾಗಿದ್ರೆ ಕೆಲಸ ಅವರದಲ್ಲ ಅಂತಾನಾ?"

"ಹಾಗೇ ಅಂದ್ಕೊಳ್ಳಿ."

"ಅಂದ್ಕೊಂಡೆ. ಹೊರಗೆ ಗೋಡೆ ಮೇಲೆ ನೇತು ಹಾಕಿದ್ದೀರಲ್ಲ, ಅದಕ್ಕೆ ಯಾರ ಕೈ ತಾಗಿತ್ತು?"

ಬಿಳಿಗೂದಲಿನ ಪರೀಕ್ಷಕಿ ಪೆನ್ನು ಕೆಳಗಿಟ್ಟರು. ಸಾಹೇಬ ಹಾಳೆಗಳನ್ನು ಒತ್ತಟ್ಟಿಗೆ ಸರಿಸಿದ. "ಅದು ಬೇರೆ ವಿಷಯ ಅಕ್ಕಾ. ಅದರ ಐಡಿಯಾ ನನ್ನದು."

"ಹೌದು, ನಿಮ್ಮದೇ. ನಾನು ಇಲ್ಲ ಅಂದಿಲ್ಲ. ಐಡಿಯಾ ನನ್ನದು, ಉಳಿದಿದ್ದು ಕೈಕೆಲಸ ಅಂತ ನೀವೇ ಹೇಳಿದ್ರಿ. ಈ ಹಾಳೆದೂ ಐಡಿಯಾ ಇವಳದು, ಕೈಕೆಲಸ ನನ್ನದು. ನಿಮ್ಮ ಮಾತಿನ ಪ್ರಕಾರ ಕೈಕೆಲಸಕ್ಕೆ ಹೆಸರಿಲ್ಲ. ಹಾಗಾದ್ರೆ ಇದು ಇವಳದೇ. ಅಂಕ ಕೊಡಿ. ಇಲ್ಲಾ, ಹೊರಗಿನ ತಗಡಲ್ಲಿ ನನ್ನ ಹೆಸರು ಹಾಕ್ಸಿ. ಎರಡರಲ್ಲಿ ಒಂದು ಮಾಡಿ."

ಅವಳ ದನಿ ಏರಿರಲಿಲ್ಲ. ಇಪ್ಪತ್ತೆರಡು ವರ್ಷ ಮಾತಾಡುವವರ ಹಿಂದೆ ಕೂತವಳು ಆಡಿದ ಅತಿ ಉದ್ದದ ಮಾತು ಅದು. ಸಾಹೇಬ ಕಿಟಕಿಯ ಕಡೆ ನೋಡಿ, "ಅದು ಬೇರೆ, ಇದು ಬೇರೆ" ಎಂದಷ್ಟೇ ಹೇಳಿದ. ಬೇರೆಯಂತೆ. ಹೇಗೆ ಬೇರೆ ಎಂದು ಹೇಳುವ ಯೋಗ್ಯತೆ ಆ ಮನುಷ್ಯನಿಗಿರಲಿಲ್ಲ.

ಪರೀಕ್ಷಕಿ ಮಗಳನ್ನು ಕೇಳಿದರು. "ಈ ಏಳನೇ ಹಾಳೆ ಮೊದಲು ಹೇಗಿತ್ತಮ್ಮ?"

ಮಗಳು ಚೀಲದಿಂದ ಬ್ಲೇಡು ತೆಗೆದಳು. ಒಂಬತ್ತು ಅಕ್ಷರಗಳನ್ನೂ ಎಬ್ಬಿಸಿ, ಅಂಟು ಹಚ್ಚದೆಯೇ, ಬೆರಳ ತುದಿಯಿಂದ ಒಂದೊಂದನ್ನೇ ಜರುಗಿಸಿದಳು. ತುದಿಗಳು ಮೇಲೆ ನಿಂತವು. ನಡುವಿನವು ಇಳಿದವು. 'ಸಾಕು' ಎಂಬಲ್ಲಿ ಸಾಲು ಜೋತುಬಿತ್ತು.

"ನಮ್ಮನೇಲಿ ಪಟ್ಟಿ ಹೆಣೆದ ಕುರ್ಚಿ ಇದೆ," ಎಂದಳು. ಹಾಳೆಯನ್ನು ಬಿಟ್ಟು ಬೇರೆ ಎಲ್ಲೂ ನೋಡಲಿಲ್ಲ. "ಅಮ್ಮ ಕೆಲಸದಿಂದ ಬಂದು ಅದರಲ್ಲೇ ಕೂರೋದು. ಯಾರೂ ಮಾತಾಡಿಸಲ್ಲ ಆಗ. ಅವಳು ಎದ್ದು ಹೋದಮೇಲೂ ಕುರ್ಚಿ ಹಿಂಗೇ ಇರುತ್ತೆ. ಅದಕ್ಕೆ ಚಿತ್ರ ಹಾಕಲಿಲ್ಲ."

ಗೆರೆಯಕ್ಕ ಆ ತಗ್ಗನ್ನು ನೋಡಿದಳು. ಸಾಲು ಓರೆಯಾಗಿರಲಿಲ್ಲ. ಅದರ ಮೇಲೆ ಅವಳೇ ಕೂತಿದ್ದಳು. ತನ್ನ ಭಾರವನ್ನು ತಾನೇ ಬ್ಲೇಡು ಹಿಡಿದು ಎಬ್ಬಿಸಿ, ಅಳತೆಪಟ್ಟಿ ಇಟ್ಟು, ಇಲ್ಲವೆನ್ನಿಸಿ ಬಂದಿದ್ದಳು.

"ಇದಕ್ಕೆ ಹತ್ತಕ್ಕೆ ಹತ್ತು ಕೊಡ್ತಿದ್ದೆ," ಎಂದರು ಪರೀಕ್ಷಕಿ. "ಈಗ ಕೊಡೋ ಹಾಗಿಲ್ಲ. ನಾಲ್ಕು ಹಾಳೆ ಹೋದ್ರೆ ಉಳಿಯೋದು ಆರು. ಆರಕ್ಕೆ ಪೂರ್ತಿ ಕೊಟ್ಟರೂ ಅರವತ್ತು. ವಿನ್ಯಾಸಕ್ಕೆ ಎಪ್ಪತ್ತು ಬೇಕು. ಮುಂದಿನ ವರ್ಷ ಬಾಮ್ಮ. ಬೀಗ ಹಾಕಿಟ್ಟು ತಗೊಂಡು ಬಾ." ಆಮೇಲೆ ಅವರು ಎದ್ದು ಪಡಸಾಲೆಗೆ ಹೋಗಿ ಆ ಚೌಕಟ್ಟಿನ ಮುಂದೆ ಸ್ವಲ್ಪ ಹೊತ್ತು ನಿಂತರು. ಸಾಹೇಬ ಮುಂದಿನವರನ್ನು ಕರೆಯಿರಿ ಎಂದ.

ಎರಡು ವಾರಕ್ಕೆ ಪತ್ರ ಬಂತು. ಎರಡನೇ ಆಯ್ಕೆಗೆ ಸೀಟು ಸಿಕ್ಕಿತ್ತು. ಮಾರ್ಕೆಟಿಂಗ್. ಗೆರೆಯಕ್ಕ ಹಟ ಹಿಡಿದು ಕೇಳಿದ್ದೇ ಅವಳ ಕೈಗೆ ಬಂದು ಬಿದ್ದಿತ್ತು. ಆ ಪತ್ರವನ್ನು ಹಿಡಿದುಕೊಳ್ಳಲೂ ಅವಳಿಗೆ ಅಸಹ್ಯವಾಯಿತು. ತಪ್ಪು ಮಾಡಿದೆ ಎಂದು ಹೇಳಲು ಬಾಯಿ ತೆರೆದರೆ ಬರುತ್ತಿದ್ದುದು ಬೈಗುಳವೇ. ಸಾಹೇಬನನ್ನು ಬೈದಳು, ಕಾಲೇಜನ್ನು ಬೈದಳು, ಚಿಲಕವಿಲ್ಲದ ಬಾಗಿಲನ್ನೂ ಬೈದಳು. ಮಗಳು ಎಲ್ಲ ಕೇಳಿಸಿಕೊಂಡು, "ಮುಗೀತಾ?" ಎಂದಳು. "ನಾನು ಮಾರ್ಕೆಟಿಂಗಿಗೆ ಹೋಗಲ್ಲ. ಒಂದು ವರ್ಷ ಮನೇಲಿರ್ತೀನಿ. ಮತ್ತೆ ಹತ್ತು ಹಾಳೆ ಮಾಡ್ತೀನಿ. ನೀನು ಹೇಳಿಕೊಡು. ಆದ್ರೆ ಮುಟ್ಟಬೇಡ."

ಮಾರನೇ ದಿನ ಬೆಳಿಗ್ಗೆ ಹತ್ತೂಕಾಲಿಗೆ ಒಬ್ಬ ಡಿಗ್ರಿವಂತ ಬಂದು, "ಅಕ್ಕಾ, ಸ್ವಲ್ಪ ನೋಡಿ" ಎಂದ. ಅವಳು ಕನ್ನಡಕ ಹಾಕಿಕೊಂಡು ಚೆನ್ನಾಗಿ ನೋಡಿದಳು. "ನೋಡಿದೆ" ಎಂದು ಹಾಗೇ ವಾಪಸು ಕೊಟ್ಟಳು. ಹನ್ನೊಂದು ದಿನ ಹಾಗೇ ನಡೆಯಿತು. ಹನ್ನೊಂದು ದಿನವೂ ಕಚೇರಿಯಿಂದ ವಾಲಿದ ಸಾಲುಗಳು ಅಚ್ಚಿಗೆ ಹೋದವು. ಹನ್ನೆರಡನೇ ದಿನ ಮಾಲೀಕ ತಾನೇ ಅವಳ ಮೇಜಿಗೆ ಬಂದು ಏನು ಬೇಕಮ್ಮ ಎಂದು ಕೇಳಿದ. ಕಿಟಕಿ ಕೇಳುತ್ತಾಳೆಂದು ಎಲ್ಲರೂ ಅಂದುಕೊಂಡಿದ್ದರು. ಅವಳು ಕೇಳಿದ್ದು, ಪ್ರತಿ ಕೆಲಸದ ಚೀಟಿಯಲ್ಲೂ ಅಕ್ಷರ ಯಾರದ್ದು ಎಂದು ಹೆಸರು ಹಾಕಬೇಕು ಎಂದು. ಹಾಕಿದರು. ಮೇಜು ಮಾತ್ರ ಇನ್ನೂ ಅಲ್ಲೇ ಇದೆ.

ವರ್ಷ ಕಳೆದು ಮಗಳು ಹೊಸ ಅರ್ಜಿ ತಂದಳು. ಏಳನೇ ಹಾಳೆಯನ್ನು ಅವಳು ಮತ್ತೆ ಅಂಟಿಸಿ ಹಜಾರದ ಗೋಡೆಗೆ ಹಾಕಿದ್ದಳು, ಕುರ್ಚಿಯ ಎದುರಿಗೇ.

"ಆ ಚೌಕಟ್ಟು ಇನ್ನೂ ಇದ್ಯಾ?" ಗೆರೆಯಕ್ಕ ಕುರ್ಚಿಯಿಂದಲೇ ಕೇಳಿದಳು.

"ಇದೆ."

"ಹೆಸರು?"

"ಒಂದೇ."

"ಇರಲಿ. ಒಳಗೆ ಹೋದಮೇಲೆ ದಿನಾ ಅದರ ಮುಂದೇನೇ ಹೋಗು. ಕೇಳಿದವರಿಗೆಲ್ಲ ಹೇಳು."

ಮಗಳು ನೆಲದ ಮೇಲೆ ಕೂತು ಬರೆಯತೊಡಗಿದಳು. ಮೊದಲ ಆಯ್ಕೆ, ಜಾಹೀರಾತು ವಿನ್ಯಾಸ. ಬರೆಯುತ್ತ ಬರೆಯುತ್ತ ಸಾಲು ಬಲಕ್ಕೆ ಏರಿತು. ಅದರಲ್ಲಿ ಯಾವ ಐಡಿಯಾವೂ ಇರಲಿಲ್ಲ, ಅಪ್ಪಟ ಓರೆ. ಗೆರೆಯಕ್ಕನ ಕಣ್ಣಿಗೆ ಕಸ ಬಿದ್ದ ಹಾಗಾಯಿತು. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಅದರ ಮೇಲೆ ಭಾರ ಬಿಟ್ಟು ಕೂತಳು.

"ಎರಡನೇ ಆಯ್ಕೆ?" ಮಗಳು ಪೆನ್ನೆತ್ತಿ ಕೇಳಿದಳು.

"ಖಾಲಿ ಬಿಡು" ಎಂದಳು ಅಮ್ಮ.